ಪಿ.ಟಿ. ಪೀರಿಯಡ್ ನುಂಗಿದವರು ಯಾರು?

ಹೈಸ್ಕೂಲಿನ ಹೆಡ್‌ಮೇಷ್ಟ್ರ ಕೊಠಡಿಯ ಗೋಡೆ ಮೇಲೆ ವೇಳಾಪಟ್ಟಿ ತೂಗುತ್ತಿರುತ್ತದೆ. ಅದರಲ್ಲಿ ‘ದೈ.ಶಿ.’ ಎಂದು ಬರೆದ ಕೆಲವು ಚೌಕಗಳಿರುತ್ತವೆ. ದೈ.ಶಿ. ಎಂದರೆ ದೈಹಿಕ ಶಿಕ್ಷಣ. ಮಕ್ಕಳ ಬಾಯಲ್ಲಿ ಅದು ಪಿ.ಟಿ. ಪಟ್ಟಿ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಆದರೆ ದೀಪಾವಳಿ ಕಳೆದ ಮೇಲೆ ಅದೇ ಪೀರಿಯಡ್‌ನಲ್ಲಿ ಹತ್ತನೇ ತರಗತಿಗೆ ಹೋಗಿ ಇಣುಕಿದರೆ ಬೋರ್ಡಿನ ಮೇಲೆ ಏನಿರುತ್ತದೆ? ತ್ರಿಕೋನಮಿತಿ! ಮೈದಾನದಲ್ಲಿ ಯಾರಿರುತ್ತಾರೆ? ನಾಲ್ಕು ಬೈಕು, ಎರಡು ನಾಯಿ.

ಇದು ಯಾವುದೋ ಒಂದು ಶಾಲೆಯ ಕಥೆಯಲ್ಲ. ಮೈಸೂರು ನಗರದಲ್ಲೂ ಅಷ್ಟೆ; ನಂಜನಗೂಡು, ಹುಣಸೂರು, ತಿ. ನರಸೀಪುರದ ಕಡೆಯೂ ಅಷ್ಟೆ. ಪಿ.ಟಿ.ಯನ್ನು ಮರ್ಯಾದೆಯಿಂದ ನಡೆಸುವ ಶಾಲೆಗಳು ಇಲ್ಲವೆಂದಲ್ಲ, ಇವೆ. ಅಂಥ ಮೇಷ್ಟ್ರುಗಳಿಗೆ ಕೈ ಮುಗಿಯಬೇಕು. ಆದರೆ “ಪೋರ್ಷನ್ ಮುಗಿದಿಲ್ಲ, ಈ ಪೀರಿಯಡ್ ಕೊಡಿ ಸಾರ್” ಎಂದು ಗಣಿತದವರು ಕೇಳಿದರೆ “ತಗೊಳ್ಳಿ, ತಗೊಳ್ಳಿ” ಎನ್ನುವುದೇ ಹೆಚ್ಚು. ಗಣಿತದ ಪೀರಿಯಡ್ಡನ್ನು ಪಿ.ಟಿ.ಗೆ ಬಿಟ್ಟುಕೊಟ್ಟ ಪುಣ್ಯಾತ್ಮರನ್ನು ಯಾರಾದರೂ ಕಂಡಿದ್ದಾರೆಯೇ?

ಹಾಗಾದರೆ ಪಿ.ಟಿ. ಪೀರಿಯಡ್ ನುಂಗಿದವರು ಯಾರು? ಗಣಿತದ ಮೇಷ್ಟ್ರ ಕಡೆ ಬೆರಳು ತೋರಿಸಿದರೆ ಅನ್ಯಾಯವಾಗುತ್ತದೆ. ಅವರ ತಲೆ ಮೇಲೆ ಹೆಡ್‌ಮೇಷ್ಟ್ರು, ಹೆಡ್‌ಮೇಷ್ಟ್ರ ತಲೆ ಮೇಲೆ ಬಿ.ಇ.ಓ., ಅವರ ಮೇಲೆ ಡಿ.ಡಿ.ಪಿ.ಐ. ಎಲ್ಲರ ತಲೆ ಮೇಲೂ ಫಲಿತಾಂಶದ ಪಟ್ಟಿ! ಎಸ್.ಎಸ್.ಎಲ್.ಸಿ. ರಿಸಲ್ಟ್ ಬಂದ ದಿನ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು ಎಂಬುದೇ ಚರ್ಚೆ. ಆ ಒಟ್ಟು ಅಂಕದಲ್ಲಿ ಮೈದಾನಕ್ಕೆ ಪಾಲಿಲ್ಲ. ಪಾಲಿಲ್ಲದ ಮಗನಿಗೆ ಮನೆಯಲ್ಲಿ ಮರ್ಯಾದೆ ಎಲ್ಲಿ ಬರಬೇಕು?

ಇನ್ನು ತಂದೆ ತಾಯಿ. “ಆಟ ಆಡ್ಕೊಂಡಿದ್ರೆ ಅನ್ನ ಹುಟ್ಟುತ್ತೇನ್ರೀ?” ಎಂಬುದು ಮನೆ ಮನೆಯ ಮಾತು. ಬೆಳಿಗ್ಗೆ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್, ನಡುವೆ ಸಿಕ್ಕ ಅರ್ಧ ಗಂಟೆಗೆ ಮೊಬೈಲು. ಮಗು ದಿನವಿಡೀ ಕೂತಿರುತ್ತದೆ. ಕೂತ ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುತ್ತದೆ. ಇದಕ್ಕೆ ಓದು ಎಂದು ಹೆಸರು.

ಲೆಕ್ಕ ಏನು ಹೇಳುತ್ತದೆ?

ಆಟವೆಂದರೆ ತೀಟೆ, ಕಾಲಹರಣ ಎನ್ನುವವರು ಸ್ವಲ್ಪ ಲೆಕ್ಕ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಸಬೇಕು. ಸುಮ್ಮನೆ ಓಡಾಡಿದರೆ ಸಾಲದು; ಉಸಿರು ಏರಬೇಕು, ಎದೆ ಬಡಿತ ಹೆಚ್ಚಬೇಕು. ವಾರಕ್ಕೆ ಮೂರು ದಿನವಾದರೂ ಜೋರಾದ ಆಟ, ಮೂಳೆ–ಸ್ನಾಯು ಗಟ್ಟಿಯಾಗುವಂಥ ಕಸರತ್ತು ಇರಬೇಕು.

ನಡೆಯುತ್ತಿರುವುದೇನು? ಅದೇ ಸಂಸ್ಥೆಯ ತಜ್ಞರು 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ವರದಿಯಂತೆ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಜನರಿಗೆ ಈ ಒಂದು ಗಂಟೆ ದಕ್ಕುತ್ತಿಲ್ಲ. ಇದು 2016ರ ಚಿತ್ರ. ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ 85. ಭಾರತದಲ್ಲಿ ಈ ಸಂಖ್ಯೆ 74ರ ಆಸುಪಾಸು. “ಪರವಾಗಿಲ್ಲ, ನಾವೇ ವಾಸಿ” ಎಂದು ಬೆನ್ನು ತಟ್ಟಿಕೊಳ್ಳುವವರಿಗೆ ಒಂದು ಮಾತು: ನಾಲ್ಕರಲ್ಲಿ ಮೂರು ಮಕ್ಕಳು ಫೇಲಾದ ತರಗತಿಗೆ ಯಾವ ಡಿ.ಡಿ.ಪಿ.ಐ. ಶಾಲು ಹೊದಿಸುತ್ತಾರೆ?

ಇನ್ನೊಂದು ಲೆಕ್ಕ ಮನಸ್ಸಿನದು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅಂದರೆ ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಮೂರ್ನಾಲ್ಕು ಮಕ್ಕಳು. ಅವರ ಹೆಸರು ಹಾಜರಿ ಪುಸ್ತಕದಲ್ಲಿದೆ, ಅವರ ಕಷ್ಟ ಯಾವ ಪುಸ್ತಕದಲ್ಲೂ ಇಲ್ಲ. “ಸೋಮಾರಿ”, “ಮೊಂಡ”, “ಓದೋಕೆ ಕಳ್ಳ” ಎಂಬ ಬಿರುದುಗಳು ಮಾತ್ರ ಉಂಟು.

ಇದೆಲ್ಲ ಕೋವಿಡ್‌ಗಿಂತ ಹಿಂದಿನ ಲೆಕ್ಕ. 2020ರ ಮಾರ್ಚಿಯಲ್ಲಿ ಬಾಗಿಲು ಹಾಕಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷ! ಆಗ ಪಾಠಕ್ಕೆಂದು ಕೈಗೆ ಬಂದ ಮೊಬೈಲು ಪಾಠ ಮುಗಿದ ಮೇಲೂ ಕೈ ಬಿಟ್ಟಿಲ್ಲ.

ಮೈ ಓಡಿದರೆ ಮನಸ್ಸಿಗೇನು?

ಕಾಲಿಗೂ ತಲೆಗೂ ಏನು ಸಂಬಂಧ ಎಂದು ಕೇಳುವವರುಂಟು. ಸಂಬಂಧ ಇದೆ. ಮಗು ಓಡಿದಾಗ ಎದೆ ಜೋರಾಗಿ ಬಡಿದು ಮಿದುಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ನೋವು ತಗ್ಗಿಸಿ ಹಿತ ಕೊಡುವ ಎಂಡಾರ್ಫಿನ್ ಎಂಬ ವಸ್ತು ಒಳಗೇ ಒಸರುತ್ತದೆ. ಮಿದುಳಿನ ನರಕೋಶಗಳಿಗೆ ಗೊಬ್ಬರದಂತೆ ಕೆಲಸ ಮಾಡುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನು ಹೆಚ್ಚುತ್ತದೆ. ಮೈ ದಣಿದ ಮಗುವಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ನಿದ್ದೆ ಚೆನ್ನಾಗಿ ಬಂದರೆ ಮಾರನೇ ದಿನದ ಸಿಡುಕು, ಅಳು, ಮಂಕು ಅರ್ಧಕ್ಕರ್ಧ ಕಡಿಮೆ.

ಇನ್ನೊಂದು ಸಂಗತಿ. ಪರೀಕ್ಷೆಯ ಭಯದಲ್ಲಿ ಎದೆ ಡವಡವ ಅನ್ನುತ್ತದೆ, ಬೆವರು ಬರುತ್ತದೆ, ಉಸಿರು ಮೇಲೆ ಕೆಳಗೆ ಆಗುತ್ತದೆ. ಕಬಡ್ಡಿ ಆಡುವಾಗಲೂ ಅದೇ ಎದೆ ಡವಡವ, ಅದೇ ಬೆವರು, ಅದೇ ಏದುಸಿರು. ಆದರೆ ಅಲ್ಲಿ ಅದು ಭಯವಲ್ಲ, ಆಟ. ಎದೆ ಹೊಡೆದುಕೊಂಡರೂ ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ ಎಂಬುದನ್ನು ಮಗುವಿನ ಮೈ ಅಲ್ಲಿ ಕಲಿಯುತ್ತದೆ. ಔಟಾದವನು ಮತ್ತೆ ಒಳಗೆ ಬರುತ್ತಾನೆ, ಸೋತವನು ನಾಳೆ ಗೆಲ್ಲುತ್ತಾನೆ. ಇದನ್ನು ಯಾವ ಗೈಡು ಕಲಿಸುತ್ತದೆ?

ಆಟದಿಂದ ಓದು ಕೆಡುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 7ರಿಂದ 9 ವರ್ಷದ 221 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂಬತ್ತು ತಿಂಗಳ ಕಾಲ ಶಾಲೆ ಬಿಟ್ಟ ಮೇಲೆ ಆಟ, ಇನ್ನೊಂದಕ್ಕೆ ಇಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶ ಹೇಳುವುದಿಷ್ಟು: ಗಮನ ಚದುರದಂತೆ ಹಿಡಿದಿಡುವುದರಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದರಲ್ಲಿ ಆಡಿದ ಮಕ್ಕಳೇ ಹೆಚ್ಚು ಸುಧಾರಿಸಿದ್ದರು. ತಪ್ಪದೆ ಬಂದು ಆಡಿದವರಿಗೆ ಲಾಭವೂ ಹೆಚ್ಚು. ಗಣಿತ ಕಲಿಯಲು ಬೇಕಾದ್ದು ಇದೇ ಗಮನ ಅಲ್ಲವೇ? ಪಿ.ಟಿ. ಪೀರಿಯಡ್ ಕಿತ್ತುಕೊಂಡ ಗಣಿತ ತನ್ನ ಬೇರನ್ನೇ ತಾನು ಕಡಿದುಕೊಂಡಂತೆ.

ಹಾಗೆಂದು ಆಟವೇ ಸರ್ವರೋಗಕ್ಕೂ ಮದ್ದು ಎನ್ನುವುದು ಬೇಡ. ಮನಸ್ಸು ನಿಜವಾಗಿ ಕುಸಿದ ಮಗುವಿಗೆ “ಎದ್ದು ನಾಲ್ಕು ಸುತ್ತು ಓಡು, ಎಲ್ಲ ಸರಿಹೋಗುತ್ತೆ” ಎಂದರೆ ಅದು ಕ್ರೌರ್ಯ. ಎರಡು ವಾರ ಕಳೆದರೂ ಮಗು ಮಂಕಾಗಿದ್ದರೆ, ಊಟ–ನಿದ್ದೆ ಕೆಟ್ಟರೆ, ಗೆಳೆಯರಿಂದ ದೂರ ಸರಿದರೆ, ಕಾರಣವಿಲ್ಲದೆ ಹೊಟ್ಟೆನೋವು ತಲೆನೋವು ಎನ್ನುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತು ಬಾಯಿಗೆ ಬಂದರೆ ಎರಡು ವಾರ ಕಾಯುವುದಲ್ಲ, ಅವತ್ತೇ ತೋರಿಸಬೇಕು. ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬಸ್ಕಿಗೆ ಬಂದ ಗತಿ!

ಮೈಸೂರಿಗೆ ಈ ವಿದ್ಯೆ ಹೊಸದೇನಲ್ಲ. ಗರಡಿಮನೆಗಳ ಊರು ಇದು. ಬೆಳಗಿನ ಜಾವಕ್ಕೆ ಎದ್ದು ಗರಡಿಗೆ ಹೋಗಿ, ಉಸ್ತಾದರಿಗೆ ಕೈಮುಗಿದು, ಕೆಮ್ಮಣ್ಣಿನ ಮಟ್ಟಿಯಲ್ಲಿ ಸಾಮು ಮಾಡಿ ಬಂದ ಹುಡುಗನಿಗೆ ಮೊಹಲ್ಲಾದಲ್ಲಿ ಒಂದು ಬೆಲೆಯಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಯೋಗಶಾಲೆ ನಡೆಸಿದ್ದು ಇದೇ ಜಗನ್ಮೋಹನ ಅರಮನೆಯಲ್ಲಿ. ಅವರ ‘ಯೋಗ ಮಕರಂದ’ 1934ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲಿ.

ಅದೇ 1934ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ಹುಡುಗ ಮೈಸೂರಿಗೆ ಬಂದ. ಹದಿನೈದು ದಾಟಿದ ವಯಸ್ಸು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಕಾಡಿ ಕಡ್ಡಿಯಂತಾಗಿದ್ದ. ಶಾಲೆಯ ಓದೂ ಹತ್ತಲಿಲ್ಲ. ಇಂಗ್ಲಿಷಿನಲ್ಲಿ ಫೇಲಾಗಿ ಓದು ಅಲ್ಲಿಗೇ ನಿಂತಿತು. ಆ ಹುಡುಗನೇ ಮುಂದೆ ಜಗತ್ತಿಗೆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್. ಅಂಕಪಟ್ಟಿ ಕೈಬಿಟ್ಟ ಹುಡುಗನನ್ನು ಮೈಸಾಧನೆ ಕೈಹಿಡಿಯಿತು. ಎಲ್ಲರೂ ಅಯ್ಯಂಗಾರ್ ಆಗಬೇಕಿಲ್ಲ. ಆದರೆ ಕೈಹಿಡಿಯಲು ಅಂಥದ್ದೊಂದು ಇರಬೇಕಲ್ಲ?

ಗರಡಿಯಲ್ಲಿ ಬಸ್ಕಿ ಹೊಡೆಯುವುದು ಸಾಧನೆ. ಐವತ್ತು ಹೊಡೆದವನು ನೂರು ಹೊಡೆದವನ ಕಡೆ ಆಸೆಯಿಂದ ನೋಡುತ್ತಿದ್ದ. ಅದೇ ಬಸ್ಕಿಗೆ ಶಾಲೆಯಲ್ಲಿ ಏನು ಗತಿ ಬಂದಿದೆ ನೋಡಿ. ಹೋಂವರ್ಕ್ ಮಾಡಿಲ್ಲವೇ? ಹೊಡಿ ಬಸ್ಕಿ! ತಡವಾಗಿ ಬಂದೆಯಾ? ಮೈದಾನ ಸುತ್ತು ಹತ್ತು ಸಲ! ಯಾವುದು ಮಗುವಿಗೆ ಹಬ್ಬವಾಗಬೇಕಿತ್ತೋ ಅದನ್ನೇ ದಂಡನೆ ಮಾಡಿದ ಮೇಲೆ ಆ ಮಗು ದೊಡ್ಡದಾದ ಮೇಲೆ ವ್ಯಾಯಾಮ ಮಾಡು ಎಂದರೆ ಮಾಡುತ್ತದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ ಎಂಬುದು ಬಸ್ಕಿ ಹೊಡೆಸುವವರ ಗಮನಕ್ಕೆ.

ಹನ್ನೆರಡು ಜನ ಆಡ್ತಾರೆ, ಉಳಿದವರು?

“ನಮ್ಮ ಶಾಲೇಲಿ ಸ್ಪೋರ್ಟ್ಸ್ ಬಹಳ ಚೆನ್ನಾಗಿದೆ, ತಾಲ್ಲೂಕು ಮಟ್ಟದಲ್ಲಿ ಫಸ್ಟ್ ಬಂದಿದ್ದೇವೆ” ಎಂದು ಕಪಾಟಿನ ಕಪ್ಪುಗಳನ್ನು ತೋರಿಸುವ ಶಾಲೆಗಳಿವೆ. ಸಂತೋಷ. ಆದರೆ ಖೋ ಖೋ ತಂಡದಲ್ಲಿ ಇರುವುದು ಹನ್ನೆರಡು ಮಕ್ಕಳು. ಕಬಡ್ಡಿಗೂ ಹನ್ನೆರಡು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ತಿಂಗಳುಗಟ್ಟಲೆ ಮೈದಾನವೆಲ್ಲ ಅವರಿಗೇ ಮೀಸಲು. ಉಳಿದ ಮುನ್ನೂರು ಮಕ್ಕಳ ಕೆಲಸ ಚಪ್ಪಾಳೆ ತಟ್ಟುವುದು!

ಕ್ರೀಡಾಕೂಟ ಬೇರೆ, ಕಸರತ್ತು ಬೇರೆ. ಮೊದಲನೆಯದು ಚುರುಕು ಮಕ್ಕಳನ್ನು ಆರಿಸುವುದು. ಎರಡನೆಯದು ಎಲ್ಲ ಮಕ್ಕಳಿಗೂ ಸಲ್ಲಬೇಕಾದ್ದು. ಚುರುಕು ಹುಡುಗ ಹೇಗೂ ಓಡುತ್ತಾನೆ. ನಿಜವಾಗಿ ಮೈದಾನ ಬೇಕಾದ್ದು ಮೂಲೆಯಲ್ಲಿ ಕೂತ ದಪ್ಪ ಹುಡುಗನಿಗೆ, ಮಾತೇ ಆಡದ ಹುಡುಗಿಗೆ, ಕಾಲು ಸ್ವಾಧೀನವಿಲ್ಲದ ಮಗುವಿಗೆ. “ಡುಮ್ಮ” ಎಂದು ನಗುವ ಕಡೆ ಆ ಮಗು ಹೋಗುವುದಿಲ್ಲ. ಎಲ್ಲರೂ ನಗುವ ಮೈದಾನದಿಂದ ಮನಸ್ಸಿಗೆ ಔಷಧಿಯಲ್ಲ, ಗಾಯ. ಪಿ.ಟಿ. ಮೇಷ್ಟ್ರು ಮೊದಲು ನಿಲ್ಲಿಸಬೇಕಾದ್ದು ಆ ನಗೆಯನ್ನು.

ಹೆಣ್ಣುಮಕ್ಕಳ ಪಾಡು

ಆರನೇ ತರಗತಿವರೆಗೆ ಹುಡುಗರಿಗೆ ಸಮನಾಗಿ ಕುಂಟೆಬಿಲ್ಲೆ, ಲಗೋರಿ ಆಡಿದ ಹುಡುಗಿ ಏಳು, ಎಂಟಕ್ಕೆ ಬರುವ ಹೊತ್ತಿಗೆ ಮೈದಾನದ ಅಂಚಿಗೆ ಸರಿದಿರುತ್ತಾಳೆ. “ದೊಡ್ಡೋಳಾದೆ, ಇನ್ನೇನು ಕುಣಿತ?” ಎನ್ನುವ ಅಜ್ಜಿ ಮನೆಯಲ್ಲಿ, ಕಾಂಪೌಂಡಿನಾಚೆ ನಿಂತು ಕಣ್ಣು ಹಾಯಿಸುವ ಪಡ್ಡೆಗಳು ಬೀದಿಯಲ್ಲಿ, ನೀರಿಲ್ಲದ ಶೌಚಾಲಯ ಶಾಲೆಯಲ್ಲಿ. ಮುಟ್ಟಿನ ದಿನ ಹೊಟ್ಟೆನೋವಿಲ್ಲದಿದ್ದರೆ ಆಡಬಹುದು, ಆಡಿದರೆ ಕೆಟ್ಟದ್ದೇನೂ ಆಗದು ಎಂದು ಅವಳಿಗೆ ಹೇಳುವವರೇ ಇಲ್ಲ. ಸಂಜೆ ಅಣ್ಣ ಕ್ರಿಕೆಟ್ ಬ್ಯಾಟು ಹಿಡಿದು ಹೊರಟರೆ ತಂಗಿ ಪೊರಕೆ ಹಿಡಿಯುತ್ತಾಳೆ. ಕೆಲಸ ಮೈಗೆ ಕಸರತ್ತಾದೀತು. ಗೆಳತಿಯರ ಜೊತೆ ಕೇಕೆ ಹಾಕಿ ನಗುವ ಒಂದು ಗಂಟೆ ಅದರಲ್ಲಿ ಸಿಕ್ಕೀತೆ?

ಹೈಸ್ಕೂಲು ಮಕ್ಕಳಿಗೆ ಸರ್ಕಾರ 2006–07ರಿಂದ ಕೊಟ್ಟ ಸೈಕಲ್ಲು ಎಷ್ಟೋ ಹಳ್ಳಿ ಹುಡುಗಿಯರಿಗೆ ಶಾಲೆಯ ದಾರಿಯನ್ನೇ ಆಟ ಮಾಡಿತ್ತು. ಕೋವಿಡ್ ಹೊತ್ತಿನಲ್ಲಿ ಅದೂ ನಿಂತಿತು.

ಮೈದಾನ ಎಲ್ಲಿದೆ ಸ್ವಾಮಿ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ ಶಾಲೆಗೆ ಇರಲೇಬೇಕಾದ ವಸ್ತುಗಳ ಸಾಲಿನಲ್ಲಿದೆ. ಕುಡಿಯುವ ನೀರು, ಶೌಚಾಲಯದ ಜೊತೆಗೇ ಇದೆ. ಪ್ರತಿ ತರಗತಿಗೂ ಆಟದ ಸಾಮಾನು ಒದಗಿಸಬೇಕು ಎಂದೂ ಇದೆ. ಆದರೆ ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿ ‘ಇಂಟರ್‌ನ್ಯಾಷನಲ್’ ಬೋರ್ಡು ಹಾಕಿಕೊಂಡವರ ಮೈದಾನ ಎಲ್ಲಿದೆ? ಟೆರೇಸಿನ ಮೇಲೆಯೇ?

ಸರ್ಕಾರಿ ಶಾಲೆಯ ಮೈದಾನದ್ದು ಇನ್ನೊಂದು ಗೋಳು. ರಾಜಕೀಯ ಸಭೆಗೆ ಅದೇ, ವಸ್ತುಪ್ರದರ್ಶನಕ್ಕೆ ಅದೇ, ಮದುವೆ ಮನೆಯ ಕಾರು ನಿಲ್ಲಿಸಲೂ ಅದೇ. ಸಭೆ ಮುಗಿದ ಮೇಲೆ ಗುಂಡಿ, ಮೊಳೆ, ಬಾಟಲಿ ಚೂರು ಮಕ್ಕಳ ಪಾಲಿಗೆ. ಪಕ್ಕದ ಸೈಟಿನವರ ಬೇಲಿ ವರ್ಷಕ್ಕೆ ಒಂದಡಿ ಒಳಕ್ಕೆ ನಡೆಯುತ್ತದೆ. ಮೈದಾನ ಮಾತ್ರ ನಡೆಯಲಾರದು, ಕುಗ್ಗುತ್ತದೆ.

ಇಂಥವರಿಗೆ ಒಂದು ಎಚ್ಚರಿಕೆ. ಹರಿಯಾಣದ ಹಳ್ಳಿಯೊಂದರಲ್ಲಿ ಶಾಲೆಯ ಮೈದಾನಕ್ಕೆ ಮೀಸಲಾದ ಜಾಗ ಒತ್ತುವರಿ ಮಾಡಿದವರು ಮಾರುಕಟ್ಟೆ ಬೆಲೆ ಕೊಟ್ಟು ಉಳಿಸಿಕೊಳ್ಳಲಿ ಎಂದು ಅಲ್ಲಿನ ಹೈಕೋರ್ಟು ಹೇಳಿತ್ತು. 2023ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಕನ್ನಡಿಗರೇ ಆದ ಬಿ.ವಿ. ನಾಗರತ್ನ ಅವರ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಮೈದಾನವಿಲ್ಲದೆ ಶಾಲೆ ಇರಕೂಡದು ಎಂದು ಹೇಳಿ, ಒತ್ತುವರಿದಾರರಿಗೆ ತೆರವಿಗೆ ಹನ್ನೆರಡು ತಿಂಗಳ ಗಡುವು ಕೊಟ್ಟಿತು. ದುಡ್ಡು ಕೊಟ್ಟರೂ ದಕ್ಕದು ಎಂಬ ಈ ತೀರ್ಪನ್ನು ತಹಸೀಲ್ದಾರ್ ಕಚೇರಿಯಲ್ಲಿ, ಪಾಲಿಕೆ ಕಚೇರಿಯಲ್ಲಿ ಫ್ರೇಮು ಹಾಕಿಸಿ ತೂಗುಹಾಕಿದರೆ ಒಳ್ಳೆಯದು.

ಪಿ.ಟಿ. ಮೇಷ್ಟ್ರ ವಿಷಯವೂ ಹಾಗೇ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕೆಂದು ಕಾಯ್ದೆ ಹೇಳುತ್ತದೆ. ಹುದ್ದೆ ಇದ್ದ ಕಡೆಯೂ ಆ ಮೇಷ್ಟ್ರು ಮಾಡುವುದೇನು? ಗಂಟೆ ಹೊಡೆಸುವುದು, ಸಾಲು ನಿಲ್ಲಿಸುವುದು, ಬಾವುಟ ಕಟ್ಟುವುದು, ರಜೆ ಹಾಕಿದವರ ತರಗತಿ ಕಾಯುವುದು, ಚುನಾವಣೆ ಕೆಲಸಕ್ಕೆ ಓಡುವುದು. ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಬೇರೆ ಶಿಕ್ಷಕರಂತೆ ಕಾಣಿರಿ ಎಂದು ಅವರು ವರ್ಷಗಳಿಂದ ಕೂಗುತ್ತ ಬಂದಿದ್ದಾರೆ. ಸ್ಟಾಫ್ ರೂಮಿನಲ್ಲಿ ಮೂಲೆ ಕುರ್ಚಿ ಸಿಕ್ಕಿದವನು ಮೂಲೆಗೆ ಕೂತ ಮಗುವನ್ನು ಎಬ್ಬಿಸುವುದು ಹೇಗೆ?

ಕಾಸಿಲ್ಲದ ಮದ್ದು

ಅನುದಾನ ಇಲ್ಲ, ಸ್ಟೇಡಿಯಂ ಇಲ್ಲ ಎನ್ನುವ ನೆಪ ಬೇಡ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಸೇಂಟ್ ನಿನಿಯನ್ಸ್ ಎಂಬ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಎಲೈನ್ ವೈಲಿ 2012ರಲ್ಲಿ ಒಂದು ಕೆಲಸ ಮಾಡಿದರು. ದಿನಕ್ಕೆ 15 ನಿಮಿಷ ಎಲ್ಲ ಮಕ್ಕಳೂ ಹೊರಗೆ ಬಂದು ಓಡುವುದು, ಓಡಲಾಗದವರು ನಡೆಯುವುದು. ಯೂನಿಫಾರ್ಮ್ ಬದಲಿಸಬೇಕಿಲ್ಲ, ಸ್ಪರ್ಧೆ ಇಲ್ಲ, ಮೊದಲು ಬಂದವರಿಗೆ ಕಪ್ಪೂ ಇಲ್ಲ. ‘ಡೈಲಿ ಮೈಲ್’ ಎಂಬ ಹೆಸರಿನಲ್ಲಿ ಅದು ಇವತ್ತು ಅನೇಕ ದೇಶಗಳ ಶಾಲೆಗಳಿಗೆ ಹಬ್ಬಿದೆ. ಚಳಿ ಮಳೆಯ ಸ್ಕಾಟ್ಲೆಂಡಿನಲ್ಲಿ ಆಗುವುದು ಮೈಸೂರಿನ ಹವೆಯಲ್ಲಿ ಆಗುವುದಿಲ್ಲವೇ?

ಲಗೋರಿಗೆ ಬೇಕಾದ್ದು ಏಳು ಚಪ್ಪಟೆ ಕಲ್ಲು, ಒಂದು ಚೆಂಡು. ಕುಂಟೆಬಿಲ್ಲೆಗೆ ಹಂಚಿನ ಚೂರು. ಹಗ್ಗದಾಟಕ್ಕೆ ಬಾವಿ ಹಗ್ಗ. ಮರಕೋತಿ ಆಟಕ್ಕೆ ಒಂದು ಮರ. ಭಾನುವಾರ ಬೆಳಿಗ್ಗೆ ಮಗನ ಕೈ ಹಿಡಿದು ಕುಕ್ಕರಹಳ್ಳಿ ಕೆರೆ ಸುತ್ತಲು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಅಪ್ಪನಿಗೆ ಯಾವ ಫೀಸೂ ಇಲ್ಲ. ಆ ಹೊತ್ತಿನಲ್ಲಿ ಅಂಕದ ಮಾತು ಎತ್ತದಿದ್ದರೆ ಸಾಕು. ಮಗ ತಾನಾಗಿಯೇ ಬೇರೆ ಮಾತು ಹೇಳುತ್ತಾನೆ. ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳು ಮಾತ್ರ ಎಷ್ಟು ಆಡಬಹುದೆಂದು ಮೊದಲು ವೈದ್ಯರನ್ನು ಕೇಳಬೇಕು.

ಆಗಬೇಕಾದ್ದು ಇಷ್ಟು

ಡಿ.ಡಿ.ಪಿ.ಐ. ಕಚೇರಿ ಒಂದು ಆದೇಶ ಹೊರಡಿಸಲಿ: ಪಿ.ಟಿ. ಪೀರಿಯಡ್ಡನ್ನು ಬೇರೆ ಪಾಠಕ್ಕೆ ಕೊಡಕೂಡದು. ಹತ್ತನೇ ತರಗತಿಗೂ, ಪರೀಕ್ಷೆ ಹತ್ತಿರ ಬಂದ ತಿಂಗಳಲ್ಲೂ. ಭಯ ಹೆಚ್ಚಿದ ತಿಂಗಳಲ್ಲೇ ಮದ್ದು ನಿಲ್ಲಿಸುವುದು ಯಾವ ವೈದ್ಯ? ಶಾಲೆ ನೋಡಲು ಬಂದ ಅಧಿಕಾರಿಗಳು ವೇಳಾಪಟ್ಟಿ ನೋಡಿ ಸಹಿ ಹಾಕುವ ಬದಲು ಆ ಹೊತ್ತಿಗೆ ಮೈದಾನ ನೋಡಲಿ. ಬಸ್ಕಿ, ಓಟಗಳನ್ನು ಶಿಕ್ಷೆಯ ಪಟ್ಟಿಯಿಂದ ತೆಗೆಯಲಿ. ಎಸ್.ಡಿ.ಎಂ.ಸಿ.ಯವರು ಮೈದಾನದ ಸರ್ವೆ ಮಾಡಿಸಿ ಕಲ್ಲು ನೆಡಿಸಲಿ. ಹುಡುಗಿಯರಿಗೆ ಪ್ರತ್ಯೇಕ ಹೊತ್ತು, ನೀರಿರುವ ಶೌಚಾಲಯ, ಜೊತೆಗೊಬ್ಬ ಶಿಕ್ಷಕಿ ಇರಲಿ. ತಂದೆ ತಾಯಿಗಳು ಪೋಷಕರ ಸಭೆಯಲ್ಲಿ ಅಂಕ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: “ನನ್ನ ಮಗು ಈ ವಾರ ಎಷ್ಟು ಹೊತ್ತು ಆಡಿತು?”

ಈ ಪ್ರಶ್ನೆಗೆ ಹೆಡ್‌ಮೇಷ್ಟ್ರು ಉತ್ತರ ಕೊಡಲೇಬೇಕಾದ ದಿನ, ನುಂಗಿದವರೆಲ್ಲ ಪಿ.ಟಿ. ಪೀರಿಯಡ್ಡನ್ನು ತಾವಾಗಿಯೇ ಕಕ್ಕುತ್ತಾರೆ.